ಅಸಮ ಒಪ್ಪಂದಗಳು ಮತ್ತು ಸೋದೆ ಸೀಮೆ

ಅಸಮ ಒಪ್ಪಂದ ಎಂದರೆ ಬಲದಲ್ಲಿ ಸಮಾನರಲ್ಲದ ಎರಡು ರಾಜ್ಯಗಳ ನಡುವಿನ ಲಿಖಿತ ಕರಾರು. ದುರ್ಬಲ ಪಕ್ಷಕ್ಕಿರುವ ಆಳ್ವಿಕೆಯ ಅಧಿಕಾರಗಳಲ್ಲಿ ಒಂದನ್ನೋ ಹಲವನ್ನೋ ಪ್ರಬಲ ಪಕ್ಷವು ಇಂಥ ಕರಾರಿನ ಮೂಲಕ ಶಾಶ್ವತವಾಗಿ ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಪರರಾಜ್ಯಗಳೊಡನೆ ವ್ಯವಹರಿಸುವುದು, ಸೈನ್ಯ ಇಡುವುದು, ಕಂದಾಯ ಎತ್ತುವುದು, ಉತ್ತರಾಧಿಕಾರಿಯನ್ನು ನಿರ್ಧರಿಸುವುದು ಈ ನಾಲ್ಕು ಅಧಿಕಾರಗಳನ್ನು ಒಟ್ಟಾಗಿ ಇಲ್ಲಿ ‘ಸ್ವಾಯತ್ತೆ’ ಎಂದು ಕರೆಯಲಾಗಿದೆ. ಕರ್ನಾಟಕದಲ್ಲಿ ಇದರ ಸ್ಪಷ್ಟ ಉದಾಹರಣೆ ಸೋದೆ ರಾಜ್ಯ. ಸಿರಸಿಯ ಸಮೀಪದ ಸೋದೆಯನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ಈ ರಾಜ್ಯದ ಘಟ್ಟದ ಮೇಲಿನ ಸೀಮೆ ಇಂದಿನ ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ ತಾಲ್ಲೂಕುಗಳ ಕಡೆಗೂ, ಘಟ್ಟದ ಕೆಳಗಿನ ಸೀಮೆ ಕಾರವಾರದಿಂದ ಗೋವೆಯ ಫೋಂಡಾವರೆಗೂ ಹರಡಿತ್ತು. 18ನೇ ಶತಮಾನದ ಉತ್ತರಾರ್ಧದಲ್ಲಿ ಈ ಎರಡು ಭಾಗಗಳು ಬಹುಮಟ್ಟಿಗೆ ಎರಡು ಬೇರೆ ಸಾಮ್ರಾಜ್ಯಗಳ ಪಾಲಾದವು. ಯುದ್ಧ ಅದಕ್ಕೆ ದಾರಿ ಮಾಡಿಕೊಟ್ಟಿತು. ಆದರೆ ಆದದ್ದನ್ನು ಮರಳಿ ತಿದ್ದಲಾಗದಂತೆ ಮಾಡಿದ್ದು ಕಾಗದ.

ಪದಗಳ ಬಳಕೆ

ಇಲ್ಲಿ ‘ಸಾಮಂತಿಕೆ’ ಎಂದರೆ ಕಪ್ಪ ಒಪ್ಪಿಸಿ, ಕರೆದಾಗ ದಂಡು ಕಳಿಸಿ, ಉಳಿದಂತೆ ತನ್ನ ನಾಡನ್ನು ತಾನೇ ಆಳಿಕೊಳ್ಳುವ ಹಳೆಯ ಪದ್ಧತಿ. ‘ಒಪ್ಪಂದ’ ಎಂದರೆ ಎರಡೂ ಪಕ್ಷಗಳ ಸಹಿ ಅಥವಾ ಮುದ್ರೆಯುಳ್ಳ ಕರಾರು. ಮೇಲಿನವನು ಕೆಳಗಿನವನಿಗೆ ದಯಪಾಲಿಸುವ ಪತ್ರ ‘ಸನದು’. ಅದರಲ್ಲಿ ಪಡೆಯುವವನ ಒಪ್ಪಿಗೆ ಕೇಳುವ ಪ್ರಶ್ನೆಯೇ ಏಳುವುದಿಲ್ಲ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ (ಮುಂದೆ ‘ಕಂಪನಿ’) ದಂಡನ್ನು ದೇಶೀಯ ರಾಜ್ಯದ ಖರ್ಚಿನಲ್ಲಿ ಆ ರಾಜ್ಯದೊಳಗೇ ಇರಿಸುವ ವ್ಯವಸ್ಥೆಗೆ ‘ಸಹಾಯಕ ಸೈನ್ಯ ಪದ್ಧತಿ’ ಎಂಬ ಪಠ್ಯಪುಸ್ತಕಗಳ ಹೆಸರನ್ನೇ ಉಳಿಸಿಕೊಳ್ಳಲಾಗಿದೆ.

ಹಿನ್ನೆಲೆ

ಸೋದೆಯ ನಾಯಕರು ವಿಜಯನಗರದ ಸಾಮಂತರಾಗಿ ತಲೆಯೆತ್ತಿದವರು. 16ನೇ ಶತಮಾನದ ಉತ್ತರಾರ್ಧದಲ್ಲಿ ಆಳಿದ ಅರಸಪ್ಪ ನಾಯಕನ ಕಾಲದಲ್ಲಿ ರಾಜ್ಯಕ್ಕೆ ಗಟ್ಟಿ ನೆಲೆ ಸಿಕ್ಕಿತು. ಯತಿ ವಾದಿರಾಜರಿಗೆ ಸೋದೆಯಲ್ಲಿ ಆಶ್ರಯ ದೊರೆತದ್ದೂ ಅವನಿಂದಲೇ. 1565ರ ಯುದ್ಧದ ಬಳಿಕ ವಿಜಯನಗರದ ಹಿಡಿತ ಸಡಿಲವಾದಾಗ ಸೋದೆ ಬಿಜಾಪುರಕ್ಕೆ ಕಪ್ಪ ಕೊಟ್ಟಿತು. ಮುಂದೆ ಮರಾಠರ ಮತ್ತು ಮೊಗಲರ ಒತ್ತಡ ಬಂದಾಗ ಅವರೊಂದಿಗೂ ಹೊಂದಿಕೊಂಡಿತು. ಕಪ್ಪ ಪಡೆಯುವ ಒಡೆಯ ಬದಲಾದರೂ ಸೀಮೆಯ ಆಡಳಿತ ಸೋದೆಯವರ ಕೈಯಲ್ಲೇ ಉಳಿಯಿತು. ರಾಜ್ಯದ ಸಂಪತ್ತಿಗೆ ಮೂಲ ಘಟ್ಟದ ಕಾಳುಮೆಣಸು. 17ನೇ ಶತಮಾನದಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದದ್ದು ಈ ಮೆಣಸಿಗಾಗಿ. ಗೋವೆಯ ಪೋರ್ಚುಗೀಸರಿಗೂ ಅದೇ ಬೇಕಿತ್ತು. ಜೊತೆಗೆ ಘಟ್ಟದ ಕೆಳಗಿನ ಅಕ್ಕಿ ಮತ್ತು ಮರಮಟ್ಟು.

ಕರಾವಳಿಯಲ್ಲಿ ಲಿಖಿತ ಒಪ್ಪಂದಗಳ ಪರಂಪರೆ ಸೋದೆಗಿಂತ ಹಳೆಯದು. ವಿಜಯನಗರ ಮತ್ತು ಪೋರ್ಚುಗೀಸರ ನಡುವೆ 1547ರಲ್ಲಿ ಆದ ಒಪ್ಪಂದವನ್ನು ಹೋಲಿಕೆಗೆ ಗಮನಿಸಬೇಕು. ಗೋವೆಗೆ ಬರುವ ಕುದುರೆಗಳು ಬಿಜಾಪುರಕ್ಕೆ ಹೋಗದೆ ವಿಜಯನಗರಕ್ಕೇ ಬರಬೇಕು, ವಿಜಯನಗರದ ಕಬ್ಬಿಣ ಮತ್ತು ಪೆಟ್ಲುಪ್ಪು ಪೋರ್ಚುಗೀಸರಿಗೆ ಸಲ್ಲಬೇಕು ಎಂಬುದು ಅದರ ತಿರುಳು. ಇಬ್ಬರಿಗೂ ಬೇಕಾದದ್ದು ಇಬ್ಬರಿಗೂ ಸಿಗುತ್ತಿತ್ತು; ಯಾರ ಆಳ್ವಿಕೆಯ ಅಧಿಕಾರಕ್ಕೂ ಕೈಹಾಕಿರಲಿಲ್ಲ. ಅದೇ ಪೋರ್ಚುಗೀಸರು ಕೆಳದಿಯ ನಾಯಕರೊಂದಿಗೆ 1671, 1678 ಮತ್ತು 1714ರಲ್ಲಿ ಮಾಡಿಕೊಂಡ ಒಪ್ಪಂದಗಳ ಹೊತ್ತಿಗೆ ದನಿ ಬೇರೆಯಾಗಿತ್ತು. ಬಂದರುಗಳಲ್ಲಿ ಕೋಠಿ ಮತ್ತು ಅಕ್ಕಿಯ ಪೂರೈಕೆಯ ಜೊತೆಗೆ ಅರಬ್ಬರ ಹಡಗುಗಳಿಗೆ ತಡೆ ಹಾಕಬೇಕೆಂಬ ಬೇಡಿಕೆಯೂ ಬಂತು. ಯಾರೊಡನೆ ವ್ಯಾಪಾರ ಮಾಡಬೇಕು, ಯಾರೊಡನೆ ಮಾಡಬಾರದು ಎಂಬುದನ್ನು ಹೊರಗಿನವನು ನಿರ್ಧರಿಸುವ ಷರತ್ತು ಇದು. ಕೆಳದಿ ಇನ್ನೂ ಬಲವಾಗಿದ್ದುದರಿಂದ ಇಂಥ ಷರತ್ತುಗಳು ಬಹಳ ಕಾಲ ಕಾಗದದಲ್ಲೇ ಉಳಿಯುತ್ತಿದ್ದವು. ಆದರೆ ಮಾದರಿ ಸಿದ್ಧವಾಗಿತ್ತು.

ರಚನೆ

ಅಸಮ ಒಪ್ಪಂದದ ಮೊದಲ ಕಲಮುಗಳು ಸಾಮಾನ್ಯವಾಗಿ ಸ್ನೇಹದವು. ‘ಸೂರ್ಯಚಂದ್ರರಿರುವವರೆಗೆ’ ಎಂಬ ಧಾಟಿಯ ಮಾತು, ಪರಸ್ಪರ ರಕ್ಷಣೆಯ ಭರವಸೆ, ಶತ್ರುವನ್ನು ಸಮಾನ ಶತ್ರುವೆಂದು ಪರಿಗಣಿಸುವ ವಾಗ್ದಾನ ಅಲ್ಲಿರುತ್ತವೆ. ನಿಜವಾದ ಕೆಲಸ ನಡುವಿನ ಕಲಮುಗಳಲ್ಲಿ ನಡೆಯುತ್ತದೆ. 1799ರ ಜುಲೈ 8ರಂದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕಂಪನಿಯೊಡನೆ ಆದ ಶ್ರೀರಂಗಪಟ್ಟಣದ ಸಹಾಯಕ ಒಪ್ಪಂದ ಈ ರಚನೆಗೆ ಮಾದರಿ. ಕಂಪನಿಯ ದಂಡಿನ ವೆಚ್ಚಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು. ಕಂಪನಿಗೆ ತಿಳಿಸದೆ ಬೇರೆ ರಾಜ್ಯಗಳೊಂದಿಗೆ ಪತ್ರವ್ಯವಹಾರ ಕೂಡದು. ಕಂಪನಿಯ ಒಪ್ಪಿಗೆಯಿಲ್ಲದೆ ಯೂರೋಪಿಯನ್ನರನ್ನು ನೌಕರಿಗೆ ಇಟ್ಟುಕೊಳ್ಳಕೂಡದು. ಹಣ ಸಲ್ಲಿಕೆಗೆ ಅಡ್ಡಿಯಾದೀತು ಎಂದು ಗವರ್ನರ್ ಜನರಲ್‌ಗೆ ತೋರಿದರೆ ಆತ ರಾಜ್ಯದ ಯಾವ ಭಾಗದ ಆಡಳಿತವನ್ನಾದರೂ ವಹಿಸಿಕೊಳ್ಳಬಹುದು.

ಕೊನೆಯ ಷರತ್ತಿನಲ್ಲಿ ‘ತೋರಿದರೆ’ ಎಂಬುದೇ ಮುಖ್ಯ. ಹಣ ನಿಜವಾಗಿ ನಿಂತುಹೋಗಬೇಕಿಲ್ಲ. ನಿಂತೀತು ಎಂದು ಒಂದು ಪಕ್ಷಕ್ಕೆ ಅನ್ನಿಸಿದರೆ ಸಾಕು. ಒಪ್ಪಂದ ಎರಡು ಪಕ್ಷಗಳದ್ದಾದರೂ ಅದರ ಅರ್ಥ ಹೇಳುವ ಅಧಿಕಾರ ಒಂದೇ ಪಕ್ಷದ ಕೈಯಲ್ಲಿತ್ತು. 1831ರಲ್ಲಿ ನಗರ (ಬಿದನೂರು) ಸೀಮೆಯ ರೈತರ ದಂಗೆಯ ಬಳಿಕ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಇಡೀ ಮೈಸೂರಿನ ಆಡಳಿತವನ್ನು ವಹಿಸಿಕೊಂಡದ್ದು ಇದೇ ಆಧಾರದ ಮೇಲೆ. ಭಾಗವನ್ನು ವಹಿಸಿಕೊಳ್ಳುವ ಹಕ್ಕು ಇಡೀ ರಾಜ್ಯಕ್ಕೆ ಹೇಗೆ ಅನ್ವಯಿಸುತ್ತದೆ ಎಂಬ ಸಂದೇಹ ಆಗಲೇ ಎದ್ದಿತ್ತು. ತಾನು ಮಾಡಿದ್ದು ಸರಿಯೇ ಎಂಬ ಅನುಮಾನ ಮುಂದೆ ಬೆಂಟಿಂಕನನ್ನೂ ಬಿಡಲಿಲ್ಲ. ಆದರೂ ಮೈಸೂರು ಅರಸರಿಗೆ ಮರಳಿದ್ದು ಐವತ್ತು ವರ್ಷಗಳ ಬಳಿಕ, 1881ರಲ್ಲಿ. ಅದೂ ಇನ್ನಷ್ಟು ಬಿಗಿಯಾದ ಹಸ್ತಾಂತರ ಪತ್ರದ ಮೂಲಕ.

ಬಗೆಗಳು

ಉದ್ದೇಶವನ್ನು ನೋಡಿ ವ್ಯಾಪಾರದ, ರಕ್ಷಣೆಯ ಮತ್ತು ನೆಲ ಬಿಟ್ಟುಕೊಡುವ ಒಪ್ಪಂದಗಳೆಂದು ವಿಂಗಡಿಸುವುದು ವಾಡಿಕೆ. ಸ್ವಾಯತ್ತೆ ಹೇಗೆ ಕ್ಷಯಿಸುತ್ತದೆ ಎಂಬುದನ್ನು ತಿಳಿಯಲು ಈ ವಿಂಗಡಣೆಗಿಂತ ಸಹಿ ಮಾಡಿದವರು ಯಾರು ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಒಂದು ಬಗೆಯಲ್ಲಿ ದುರ್ಬಲ ಅರಸ ತನ್ನ ನಾಡಿನಲ್ಲಿ ಕುಳಿತು ಸಹಿ ಮಾಡುತ್ತಾನೆ. ಇನ್ನೊಂದರಲ್ಲಿ ನಾಡಿನಿಂದ ಹೊರಬಿದ್ದ ಅರಸ ಆಶ್ರಯದಾತನ ಊರಿನಲ್ಲಿ ಕುಳಿತು ಸಹಿ ಮಾಡುತ್ತಾನೆ. ಮೂರನೆಯದರಲ್ಲಿ ಎರಡು ಬಲಿಷ್ಠ ರಾಜ್ಯಗಳು ಮೂರನೆಯ ನಾಡನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಆ ನಾಡಿನ ಹೆಸರು ಕಾಗದದಲ್ಲಿರುತ್ತದೆ, ಅದರ ಪರವಾದ ಸಹಿ ಮಾತ್ರ ಇರುವುದಿಲ್ಲ. ಸೋದೆ ಈ ಮೂರನ್ನೂ ಒಂದರ ಹಿಂದೊಂದರಂತೆ ಕಂಡಿತು. ಪ್ರತಿ ಹಂತದಲ್ಲೂ ಅರಸ ಮತ್ತು ನೆಲದ ನಡುವಿನ ಅಂತರ ಹೆಚ್ಚಿತು. ಕೊನೆಯ ಹಂತದ ಹೊತ್ತಿಗೆ ನೆಲದ ಪರವಾಗಿ ಮಾತನಾಡುವವರೇ ಉಳಿದಿರಲಿಲ್ಲ. ನೆಲವನ್ನು ಅದರ ಪ್ರತಿನಿಧಿಯಿಂದ ಬೇರ್ಪಡಿಸುವುದೇ ಅಸಮ ಒಪ್ಪಂದದ ಮೂಲ ಕೆಲಸ ಎಂಬುದು ಈ ಪ್ರಕರಣದಿಂದ ಹೊರಡುವ ತೀರ್ಮಾನ.

ಸೋದೆಯ ಪ್ರಕರಣ

ಮೊದಲ ಹಂತದ ಗುರುತು ಸದಾಶಿವಗಡ. ಕಾಳಿ ನದಿಯ ಅಳಿವೆಯನ್ನು ಕಾಯಲು ಸೋದೆಯ ಅರಸರು ಕಟ್ಟಿಸಿದ ಈ ಕೋಟೆಯನ್ನು ಪೋರ್ಚುಗೀಸರು 1752ರಲ್ಲಿ ವಶಪಡಿಸಿಕೊಂಡು, ಕಾರವಾರದ ವ್ಯಾಪಾರವೆಲ್ಲ ತಮಗೇ ಸೇರಬೇಕೆಂದು ಹಕ್ಕು ಸಾಧಿಸಿದರು. ಸ್ವಲ್ಪ ಹಿಂದಷ್ಟೇ ಮತ್ತೆ ತೆರೆದಿದ್ದ ಇಂಗ್ಲಿಷ್ ಕೋಠಿ ಇದರಿಂದ ಮುಚ್ಚಿತು. 1754ರಲ್ಲಿ ಹೊಸ ವೈಸರಾಯ್ ಬಂದು ಸಂಧಿ ಮಾಡಿ ಕೋಟೆಯನ್ನು ಸೋದೆಗೆ ಹಿಂದಿರುಗಿಸಿದ. ಮೇಲುನೋಟಕ್ಕೆ ಸೋದೆ ಏನನ್ನೂ ಕಳೆದುಕೊಂಡಿರಲಿಲ್ಲ. ಆದರೆ ಈವರೆಗೆ ಅದು ಇಂಗ್ಲಿಷರನ್ನೂ ಪೋರ್ಚುಗೀಸರನ್ನೂ ಎದುರುಬದುರು ನಿಲ್ಲಿಸಿ ಮೆಣಸಿಗೆ ಬೆಲೆ ಪಡೆಯುತ್ತಿತ್ತು. ಕೊಳ್ಳುವವರಲ್ಲಿ ಒಬ್ಬ ಕಣದಿಂದ ಹೊರಬಿದ್ದ. ಸಣ್ಣ ರಾಜ್ಯಕ್ಕೆ ಎರಡು ದೊಡ್ಡ ರಾಜ್ಯಗಳ ಪೈಪೋಟಿಯೇ ಕೋಟೆಗಿಂತ ಭದ್ರವಾದ ರಕ್ಷಣೆಯಾಗಿರುತ್ತದೆ. ಕೋಟೆ ಹಿಂದಿರುಗಿತು, ಆ ರಕ್ಷಣೆ ಹಿಂದಿರುಗಲಿಲ್ಲ.

ಎರಡನೆಯ ಹಂತ ಹತ್ತು ವರ್ಷದೊಳಗೆ ಬಂತು. 1763ರ ಆರಂಭದಲ್ಲಿ ಮೈಸೂರಿನ ಹೈದರ್ ಅಲಿ ಬಿದನೂರನ್ನು ಗೆದ್ದು ಕೆಳದಿ ರಾಜ್ಯವನ್ನು ಕೊನೆಗೊಳಿಸಿದ. ಅದೇ ವರ್ಷದ ಕೊನೆಯ ಹೊತ್ತಿಗೆ ಅವನ ದಂಡು ಸೋದೆಯ ಮೇಲೆ ಬಂತು. ಅರಸ ಇಮ್ಮಡಿ ಸದಾಶಿವ ಕುಟುಂಬದೊಂದಿಗೆ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಘಟ್ಟದ ಕೆಳಗಿನ ಫೋಂಡಾ, ಜಾಂಬಾವಲಿ, ಕಾಣಕೋಣ ಮತ್ತು ಕಾಬೊ ದ ರಾಮ ಪೋರ್ಚುಗೀಸರ ವಶಕ್ಕೆ ಬಂದವು. ಪ್ರತಿಯಾಗಿ ಅರಸನಿಗೆ ಜೀವನಾಂಶ ಮತ್ತು ಮರ್ಯಾದೆ ದೊರೆತವು. ಆ ಮನೆತನ ಫೋಂಡಾ ಬಳಿಯ ಬಾಂದಿವಡೆಯಲ್ಲಿ ನೆಲೆಸಿತು. ರಕ್ಷಣೆಗಾಗಿ ಒಪ್ಪಿಸಿದ ನೆಲ ಹೀಗೆ ಬಹುಕಾಲ ಪೋರ್ಚುಗೀಸರ ಸ್ವಾಧೀನದಲ್ಲಿತ್ತು. ಒಡೆತನವೂ ಅವರದೇ ಎಂದು ಔಪಚಾರಿಕವಾಗಿ ಬರೆದುಕೊಟ್ಟದ್ದು 1791ರ ಜನವರಿಯ ಒಪ್ಪಂದದಲ್ಲಿ. ಸ್ವಾಧೀನಕ್ಕೂ ಒಡೆತನಕ್ಕೂ ನಡುವೆ ಇಪ್ಪತ್ತೇಳು ವರ್ಷ ಕಳೆದವು ಎಂಬುದು ಗಮನಾರ್ಹ. ಅಷ್ಟು ಕಾಲ ಆಶ್ರಯದಲ್ಲಿದ್ದು ಅವರ ಜೀವನಾಂಶದಲ್ಲೇ ಬದುಕಿದ ಮನೆತನಕ್ಕೆ 1791ರಲ್ಲಿ ಬೇಡವೆನ್ನುವ ಸ್ಥಿತಿ ಇತ್ತೆಂದು ಹೇಳುವುದು ಕಷ್ಟ. ಗೋವೆಯ ಚರಿತ್ರೆಯಲ್ಲಿ ‘ಹೊಸ ಗೆಲುವುಗಳು’ ಎಂದು ಹೆಸರಾದ ಪ್ರದೇಶದ ದೊಡ್ಡ ಭಾಗ ಇದೇ. ಗೆದ್ದದ್ದು ಎಂಬ ಹೆಸರಿದ್ದರೂ ಸೋದೆಯ ಪಾಲಿನದು ಬಂದದ್ದು ಬರವಣಿಗೆಯಿಂದ.

ಈ ವ್ಯವಸ್ಥೆಗೆ ಒಳ್ಳೆಯ ಮುಖವೂ ಇತ್ತು. ಹಳೆಯ ಗೋವೆಯಲ್ಲಿ 16ನೇ ಶತಮಾನದಲ್ಲಿ ದೇವಾಲಯಗಳನ್ನು ಕೆಡವಿದ್ದ ಆಳ್ವಿಕೆ ಈ ಹೊಸ ಪ್ರದೇಶದಲ್ಲಿ ಪೂಜೆ, ಆಚಾರ, ರೂಢಿಗಳಿಗೆ ಅಡ್ಡಿಪಡಿಸುವುದಿಲ್ಲ ಎಂದು ಮಾತು ಕೊಟ್ಟಿತು. ಫೋಂಡಾ ಸುತ್ತಲಿನ ಶಾಂತಾದುರ್ಗಾ, ಮಂಗೇಶಿ, ನಾಗೇಶಿ ದೇವಾಲಯಗಳು ಉಳಿದವು. ಧರ್ಮಾಚರಣೆ ರಕ್ಷಣೆ ಪಡೆಯಿತು, ಸ್ವಾಯತ್ತೆಯ ಅಧಿಕಾರಗಳು ಹೋದವು. ಅಸಮ ಒಪ್ಪಂದಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ದಿನನಿತ್ಯದ ಬದುಕಿಗೆ ತಟ್ಟುವುದನ್ನು ಬಿಟ್ಟುಕೊಟ್ಟರೆ, ದಿನನಿತ್ಯ ಕಣ್ಣಿಗೆ ಬೀಳದ ಅಧಿಕಾರಗಳನ್ನು ತೆಗೆದುಕೊಳ್ಳುವುದು ಸುಲಭ.

ಮೂರನೆಯ ಹಂತ ಘಟ್ಟದ ಮೇಲಿನದು. ಹಳಿಯಾಳ, ಸೂಪಾ (ಇಂದಿನ ಜೋಯಿಡಾ) ಕಡೆಯ ಸೀಮೆಗೆ ನೇರವಾಗಿ ಸಂಬಂಧಿಸಿದ್ದು. 1763ರಿಂದ 36 ವರ್ಷ ಈ ಸೀಮೆ ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆಯಲ್ಲಿತ್ತು. 1799ರ ಮೇ 4ರಂದು ಟಿಪ್ಪು ಮಡಿದ ಬಳಿಕ, ಜೂನ್ 22ರಂದು ಕಂಪನಿ ಮತ್ತು ಹೈದರಾಬಾದಿನ ನಿಜಾಮ ಮೈಸೂರಿನ ಹಂಚಿಕೆಯ ಒಪ್ಪಂದ ಮಾಡಿಕೊಂಡರು. ಕರಾವಳಿಯ ಕನ್ನಡ ಜಿಲ್ಲೆ, ಕೊಯಮತ್ತೂರು ಮೊದಲಾದವು ಕಂಪನಿಗೆ. ಈಶಾನ್ಯದ ಕೆಲವು ಸೀಮೆ ನಿಜಾಮನಿಗೆ. ನಡುವಿನ ರಾಜ್ಯ ಒಡೆಯರಿಗೆ. ಇವುಗಳ ಜೊತೆಗೆ ಇನ್ನೊಂದು ಪಟ್ಟಿಯೂ ಇತ್ತು: ಹರಪನಹಳ್ಳಿ, ಆನೆಗೊಂದಿ, ಚಿತ್ರದುರ್ಗದ ಒಂದು ಭಾಗ, ‘ಘಟ್ಟದ ಮೇಲಿನ ಸೋದೆ’. ಈ ಪಟ್ಟಿಯನ್ನು ಪುಣೆಯ ಪೇಶ್ವೆಗೆಂದು ಮೀಸಲಿಡಲಾಗಿತ್ತು. ಪೇಶ್ವೆ ನಿಗದಿತ ಗಡುವಿನೊಳಗೆ ಒಪ್ಪಂದಕ್ಕೆ ಸೇರಿ ಅದರ ಷರತ್ತುಗಳಿಗೆ ಒಪ್ಪಿದರೆ ಮಾತ್ರ ಆ ಸೀಮೆಗಳು ಅವನಿಗೆ ಸೇರುತ್ತಿದ್ದವು. ಇಲ್ಲವಾದರೆ ಕಂಪನಿ ಮತ್ತು ನಿಜಾಮ ಹಂಚಿಕೊಳ್ಳುತ್ತಿದ್ದರು. ಪೇಶ್ವೆ ಒಪ್ಪಲಿಲ್ಲ. ಘಟ್ಟದ ಮೇಲಿನ ಸೋದೆ ಕಂಪನಿಗೆ ಬಂತು.

ಇಲ್ಲಿ ಒಂದು ಸೀಮೆಯೇ ಆಮಿಷದ ವಸ್ತುವಾಯಿತು. ಯುದ್ಧದಲ್ಲಿ ಪಾಲ್ಗೊಳ್ಳದ ಪೇಶ್ವೆಯನ್ನು ಕಂಪನಿಯ ಬಲೆಯೊಳಗೆ ಸೆಳೆಯಲು ಅದನ್ನು ಮುಂದೆ ಹಿಡಿಯಲಾಯಿತು. ಅವನು ಬಾರದಿದ್ದಾಗ ಹಿಂದಕ್ಕೆ ಎಳೆದುಕೊಳ್ಳಲಾಯಿತು. ಈ ಮಾತುಕತೆಯ ಯಾವ ಹಂತದಲ್ಲೂ ಸೋದೆಯ ಪರವಾಗಿ ಯಾರೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಸೋದೆಯ ಅರಸುಮನೆತನ ಆಗ ಇನ್ನೊಂದು ಸಾಮ್ರಾಜ್ಯದ ಆಶ್ರಯದಲ್ಲಿ ಜೀವನಾಂಶ ಪಡೆಯುತ್ತಿತ್ತು. 1791ರ ಒಪ್ಪಂದ ಕರಾವಳಿಯ ನೆಲವನ್ನಷ್ಟೇ ಕಳೆಯಲಿಲ್ಲ. ಎಂಟು ವರ್ಷಗಳ ಬಳಿಕ ಘಟ್ಟದ ಮೇಲಿನ ನೆಲ ಹರಾಜಿಗೆ ಬಂದಾಗ ಮಾತನಾಡಬೇಕಿದ್ದವರನ್ನೂ ಮೊದಲೇ ಬದಿಗೆ ಸರಿಸಿತ್ತು.

1799-1800ರಲ್ಲಿ ಥಾಮಸ್ ಮನ್ರೋ ಕನ್ನಡ ಜಿಲ್ಲೆ ಮತ್ತು ಸೋದೆಯ ಕಲೆಕ್ಟರಾಗಿ ಕಂದಾಯದ ವ್ಯವಸ್ಥೆ ಮಾಡಿದ. ಮರಾಠರ ಸೀಮೆಗೆ ಅಂಟಿಕೊಂಡ ಹಳಿಯಾಳ ಕಂಪನಿಯ ಗಡಿಠಾಣೆಯಾಯಿತು. ಆ ವರ್ಷಗಳಲ್ಲಿ ಈ ಗಡಿಯನ್ನು ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಊರಿನ ಹೆಸರು ಹಲವು ಸಲ ಬರುತ್ತದೆ. 1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಕಂಡ ಸೋದೆ, ಹಳೆಯ ವೈಭವದ ಗುರುತುಗಳಷ್ಟೇ ಉಳಿದ ಊರು.

ನೆರೆಯ ಸೀಮೆಗಳು

ಇದೇ ವಿಧಾನ ಹಳಿಯಾಳ ಮತ್ತು ಮುಂಡಗೋಡದ ಗಡಿಗೆ ತಾಗಿದ ಸೀಮೆಗಳಲ್ಲೂ ನಡೆಯಿತು. ಹೋಳ್ಕರನಿಗೆ ಸೋತು ಕಂಪನಿಯ ಆಶ್ರಯಕ್ಕೆ ಬಂದ ಪೇಶ್ವೆ ಇಮ್ಮಡಿ ಬಾಜಿರಾವ್ 1802ರ ಡಿಸೆಂಬರ್ 31ರಂದು ವಸಾಯಿ ಒಪ್ಪಂದಕ್ಕೆ ಸಹಿ ಮಾಡಿ, ಸಹಾಯಕ ಸೈನ್ಯದ ವೆಚ್ಚಕ್ಕೆ 26 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆಗಳನ್ನು ಬಿಟ್ಟುಕೊಟ್ಟ. ಆ ಪಟ್ಟಿಯಲ್ಲಿ ಮುಂಡಗೋಡದ ನೆರೆಯ ಬಂಕಾಪುರವೂ ಸವಣೂರೂ ಇದ್ದವು. ಮರುವರ್ಷವೇ ಪೂರಕ ಒಪ್ಪಂದದಲ್ಲಿ ಅವುಗಳನ್ನು ಮರಳಿಸಿ, ದೂರದ ಬುಂದೇಲಖಂಡದ ನೆಲವನ್ನು ಕಂಪನಿ ಪಡೆಯಿತು. ಹುಟ್ಟುವಳಿಯ ಅಂಕಿ ಸರಿಹೊಂದಿದರೆ ತುಂಗಭದ್ರೆಯ ಕಡೆಯ ಊರಿಗೆ ಯಮುನೆಯ ಕಡೆಯ ಊರು ಬದಲಾಗುತ್ತಿತ್ತು. 1817ರ ಜೂನ್‌ನ ಪುಣೆ ಒಪ್ಪಂದದಲ್ಲಿ ಧಾರವಾಡದ ಕಡೆಯ ಸೀಮೆ ಕಂಪನಿಗೆ ಸೇರಿತು. ಮರುವರ್ಷ ಪೇಶ್ವಾಯಿಯೇ ಮುಗಿಯಿತು.

ಕಿತ್ತೂರಿನ ಪ್ರಕರಣದಲ್ಲಿ ಒಪ್ಪಂದದ ಜಾಗಕ್ಕೆ ಸನದು ಬಂತು. ದೇಸಾಯಿ ಶಿವಲಿಂಗರುದ್ರಸರ್ಜ 1818ರ ಯುದ್ಧದಲ್ಲಿ ಮನ್ರೋಗೆ ನೆರವಾದ. ಪ್ರತಿಫಲವಾಗಿ ಸಂಸ್ಥಾನ ಅವನಲ್ಲೇ ಉಳಿಯಿತು, ಕಪ್ಪದ ಷರತ್ತಿನೊಡನೆ. ಪೇಶ್ವೆಗೆ ಸಲ್ಲುತ್ತಿದ್ದ ಕಪ್ಪ ಈಗ ಕಂಪನಿಗೆ ಸಲ್ಲುವುದಷ್ಟೇ ವ್ಯತ್ಯಾಸ ಎಂದು ಕಿತ್ತೂರು ಭಾವಿಸಿದ್ದರೆ ಅದಕ್ಕೆ ಹಿಂದಿನ ಇನ್ನೂರು ವರ್ಷಗಳ ಅನುಭವದ ಆಧಾರವಿತ್ತು. 1824ರ ಸೆಪ್ಟೆಂಬರ್‌ನಲ್ಲಿ ದೇಸಾಯಿ ಮಕ್ಕಳಿಲ್ಲದೆ ತೀರಿಕೊಂಡಾಗ ವ್ಯತ್ಯಾಸ ಹೊರಬಿತ್ತು. ದತ್ತು ಮಾಡಿಕೊಂಡಿದ್ದನ್ನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಒಪ್ಪಲಿಲ್ಲ. ಕೊಟ್ಟವರು ಹಿಂದಕ್ಕೆ ಪಡೆಯಬಹುದು ಎಂಬುದು ಕಂಪನಿಯ ನಿಲುವು. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ, ಡಿಸೆಂಬರ್‌ನಲ್ಲಿ ಕೋಟೆ ಬಿತ್ತು, ಕಿತ್ತೂರಿನ ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಡಲಾಯಿತು. ಹಳಿಯಾಳದ ಗಡಿಯಾಚೆಗಿನ ನಂದಗಡದಲ್ಲಿ, ಕಿತ್ತೂರಿನ ಹೋರಾಟವನ್ನು ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಜನವರಿಯಲ್ಲಿ. ಗವರ್ನರ್ ಜನರಲ್ ಡಾಲ್‌ಹೌಸಿಯ ಹೆಸರಿನೊಡನೆ ಅಂಟಿಕೊಂಡಿರುವ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿ ಅವನು ಬರುವ ಇಪ್ಪತ್ತನಾಲ್ಕು ವರ್ಷ ಮೊದಲೇ ಇಲ್ಲಿ ಬಳಕೆಗೆ ಬಂದಿತ್ತು.

ಆಕ್ಷೇಪಗಳು

ಈ ವಿವರಣೆಗೆ ಇರುವ ಮೊದಲ ಆಕ್ಷೇಪ, ಸೋದೆ ಎಂದೂ ಪೂರ್ಣ ಸ್ವತಂತ್ರವಾಗಿರಲಿಲ್ಲ, ಹಾಗಾಗಿ ಕಳೆದುಕೊಳ್ಳಲು ಸ್ವಾಯತ್ತೆಯೇ ಇರಲಿಲ್ಲ ಎಂಬುದು. ವಿಜಯನಗರ, ಬಿಜಾಪುರ, ಮರಾಠ, ಮೊಗಲ ಎಂದು ಒಡೆಯರು ಬದಲಾದದ್ದು ನಿಜ. ಆದರೆ ಸಾಮಂತಿಕೆಯ ಸಂಬಂಧ ಎರಡೂ ಕಡೆಯ ಬಲದ ಏರಿಳಿತಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಒಡೆಯ ದುರ್ಬಲನಾದರೆ ಕಪ್ಪ ನಿಲ್ಲುತ್ತಿತ್ತು. ಇನ್ನೊಬ್ಬ ಬಂದರೆ ನಿಷ್ಠೆ ಅತ್ತ ತಿರುಗುತ್ತಿತ್ತು. ಏಕಕಾಲಕ್ಕೆ ಇಬ್ಬರನ್ನು ಸಂಭಾಳಿಸುವುದೂ ಇತ್ತು. ಶಾಶ್ವತ ಮತ್ತು ಏಕಪಕ್ಷೀಯವಾದ ಒಪ್ಪಂದ ಈ ಏರಿಳಿತವನ್ನೇ ನಿಲ್ಲಿಸಿತು. ಪೋರ್ಚುಗಲ್ 19ನೇ ಶತಮಾನದಲ್ಲಿ ಎಷ್ಟು ದುರ್ಬಲವಾದರೂ 1791ರ ಬರಹ ದುರ್ಬಲವಾಗಲಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು: ಸೋದೆಯನ್ನು ಮುಗಿಸಿದ್ದು ಹೈದರನ ಕತ್ತಿ, ಒಪ್ಪಂದಗಳು ಆದದ್ದನ್ನು ದಾಖಲಿಸಿದವು, ಅಷ್ಟೆ. ದಂಡು ಬಾರದಿದ್ದರೆ ಅರಸ ಗೋವೆಗೆ ಹೋಗುತ್ತಿರಲಿಲ್ಲ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೂ ಎರಡು ಭಾಗಗಳ ಮುಂದಿನ ಗತಿಯನ್ನು ಹೋಲಿಸಬೇಕು. ಕತ್ತಿಯಿಂದ ಗೆದ್ದ ಘಟ್ಟದ ಮೇಲಿನ ಭಾಗ ಗೆದ್ದವರ ಮನೆತನದಲ್ಲಿ ಉಳಿದದ್ದು 36 ವರ್ಷ. ಆಶ್ರಯದ ಹೆಸರಿನಲ್ಲಿ ಪಡೆದು ಒಪ್ಪಂದದಿಂದ ಗಟ್ಟಿಮಾಡಿಕೊಂಡ ಭಾಗ 1961ರ ಡಿಸೆಂಬರ್‌ವರೆಗೆ, ಸುಮಾರು ಎರಡು ಶತಮಾನ, ಪೋರ್ಚುಗೀಸರಲ್ಲಿ ಉಳಿಯಿತು. ಪೋರ್ಚುಗೀಸರ ದಂಡು ಹೈದರನದಕ್ಕಿಂತ ದೊಡ್ಡದೇನೂ ಆಗಿರಲಿಲ್ಲ. 1799ರ ನಂತರ ಅವರ ನೆರೆಗೆ ಬಂದ ಕಂಪನಿಯೂ ಯೂರೋಪಿನ ರಾಜ್ಯಗಳು ಪರಸ್ಪರ ಮನ್ನಿಸುವ ಬಗೆಯ ಕಾಗದವನ್ನು ಮನ್ನಿಸಿತು. ಬ್ರಿಟನ್ ಮತ್ತು ಪೋರ್ಚುಗಲ್ ಹಳೆಯ ಮಿತ್ರರಾಗಿದ್ದುದೂ ಇದಕ್ಕೆ ಕಾರಣ ಎಂಬುದನ್ನು ಸೇರಿಸಬೇಕು. ಕಾಗದ ಒಂಟಿಯಾಗಿ ಕೆಲಸ ಮಾಡುವುದಿಲ್ಲ.

ಒಪ್ಪಂದದ ಓದು ಯಾವಾಗಲೂ ಪ್ರಬಲರ ಪರವಾಗಿಯೇ ಇರುತ್ತದೆ ಎಂದೂ ಹೇಳಲಾಗದು. ದಾದ್ರಾ ಮತ್ತು ನಗರ್ ಹವೇಲಿಗೆ ಹಾದುಹೋಗುವ ಹಕ್ಕಿನ ವ್ಯಾಜ್ಯದಲ್ಲಿ ಪೋರ್ಚುಗಲ್ ಮರಾಠರೊಡನೆ 1779ರಲ್ಲಿ ಮಾಡಿಕೊಂಡ ಒಪ್ಪಂದವನ್ನು ಆಧಾರವಾಗಿ ಮುಂದಿಟ್ಟಿತು. 1960ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಪೇಶ್ವೆ ಕೊಟ್ಟದ್ದು ಹಳ್ಳಿಗಳ ಹುಟ್ಟುವಳಿಯನ್ನೇ ಹೊರತು ಸಾರ್ವಭೌಮತ್ವವನ್ನಲ್ಲ ಎಂದು ಹೇಳಿತು. ಮರಾಠರು ಜಹಗೀರಿ ಕೊಟ್ಟ ರೀತಿಯಲ್ಲಿ ಕೊಟ್ಟದ್ದನ್ನು ಪಡೆದವರು ರಾಜ್ಯವೆಂದು ಓದಿಕೊಂಡಿದ್ದರು. ಆದರೆ ಈ ತಿದ್ದುಪಡಿ ಬಂದದ್ದು 181 ವರ್ಷಗಳ ಬಳಿಕ, ಅದನ್ನು ಕೇಳುವ ಬಲವಿದ್ದ ಹೊಸ ರಾಷ್ಟ್ರವೊಂದು ಎದುರು ನಿಂತಾಗ.

ಮೂರನೆಯ ಆಕ್ಷೇಪ, ಅರಸನ ಸ್ವಾಯತ್ತೆಯನ್ನು ಜನರ ಸ್ವಾಯತ್ತೆಯೆಂದು ಕರೆಯುವುದು ಸರಿಯಲ್ಲ ಎಂಬುದು. ಜೋಯಿಡಾದ ಕುಣಬಿಗಳಿಗೆ, ಕಾಡಂಚಿನ ಗೌಳಿಗಳಿಗೆ, ಹಳಿಯಾಳ ಮತ್ತು ಮುಂಡಗೋಡದ ಸಿದ್ದಿಗಳಿಗೆ ಸೋದೆಯ ಆಸ್ಥಾನದಲ್ಲಿ ಯಾವ ಮಾತೂ ನಡೆಯುತ್ತಿರಲಿಲ್ಲ. ಈ ಆಕ್ಷೇಪವನ್ನು ಬಹುಮಟ್ಟಿಗೆ ಒಪ್ಪಬೇಕಾಗುತ್ತದೆ. ಸಿದ್ದಿಗಳ ಪೂರ್ವಜರಲ್ಲಿ ಅನೇಕರು ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು ಎಂಬುದು ಸಂಶೋಧಕರ ಸಾಮಾನ್ಯ ಅಭಿಪ್ರಾಯ. ಹಾಗಿದ್ದರೆ ಅವರ ಪಾಲಿಗೆ ಗಡಿಯೆಂಬುದು ನಷ್ಟವಲ್ಲ, ಬಿಡುಗಡೆ. ಆದರೂ ಒಪ್ಪಂದ ಅರಸನ ಬದಲಾವಣೆಗಷ್ಟೇ ನಿಲ್ಲಲಿಲ್ಲ. ಕಂಪನಿ ಪಡೆದ ಕಾಡಿನಲ್ಲಿ ಹಡಗು ಕಟ್ಟುವ ಸಾಗುವಾನಿ ಇತ್ತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಅರಣ್ಯ ಸಂರಕ್ಷಕನಾಗಿ ನೇಮಕವಾದ ಬಳಿಕ ಮಲಬಾರ್ ಮತ್ತು ಕನ್ನಡ ಜಿಲ್ಲೆಗಳ ಮರದ ಮೇಲೆ ಸರ್ಕಾರದ ಏಕಸ್ವಾಮ್ಯ ಸ್ಥಾಪಿತವಾಯಿತು. ಜನರ ವಿರೋಧದಿಂದಾಗಿ 1823ರಲ್ಲಿ, ಮದ್ರಾಸಿನ ಗವರ್ನರಾಗಿದ್ದ ಅದೇ ಮನ್ರೋ ಅದನ್ನು ಕೈಬಿಟ್ಟ. 1860ರ ಸುಮಾರಿಗೆ ಕುಮರಿ ಬೇಸಾಯಕ್ಕೂ ಬಿಗಿ ನಿರ್ಬಂಧ ಬಂತು. ಕಾಡು ಕಡಿದು ಸುಟ್ಟು ರಾಗಿ ಬಿತ್ತುವ ಕುಣಬಿಯ ಹಕ್ಕು ಎಲ್ಲಿಯೂ ಬರೆದಿಟ್ಟದ್ದಾಗಿರಲಿಲ್ಲ. ಬರೆದದ್ದನ್ನು ಮಾತ್ರ ಹಕ್ಕೆಂದು ಓದುವ ಆಡಳಿತದಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ.

ಹೊರನಾಡಿನ ಹೋಲಿಕೆ: ಟಿಬೆಟ್

ಈ ಸೀಮೆಯಲ್ಲಿ ಇನ್ನೊಂದು ಒಪ್ಪಂದದ ಚರಿತ್ರೆಯನ್ನು ಹೊತ್ತ ಜನ ನೆಲೆಸಿದ್ದಾರೆ. ಮುಂಡಗೋಡದ ಟಿಬೆಟನ್ ನೆಲೆ 1966ರಲ್ಲಿ ಆರಂಭವಾಯಿತು. ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಅಲ್ಲಿ ಮರುಸ್ಥಾಪನೆಗೊಂಡವು. ಟಿಬೆಟ್ ಮೊದಲು ಎದುರಿಸಿದ್ದು ಬ್ರಿಟಿಷ್ ಸಾಮ್ರಾಜ್ಯವನ್ನು. 1904ರಲ್ಲಿ ಯಂಗ್‌ಹಸ್‌ಬೆಂಡ್‌ನ ದಂಡು ಲಾಸಾ ಸೇರಿ ಬರೆಸಿಕೊಂಡ ಕರಾರಿನಂತೆ ಬ್ರಿಟನ್ನಿನ ಒಪ್ಪಿಗೆಯಿಲ್ಲದೆ ಟಿಬೆಟ್ ಯಾವ ವಿದೇಶಕ್ಕೂ ನೆಲವನ್ನಾಗಲಿ ಸವಲತ್ತನ್ನಾಗಲಿ ಕೊಡುವಂತಿರಲಿಲ್ಲ. 1906ರಲ್ಲಿ ಬ್ರಿಟನ್ ಮತ್ತು ಚೀನಾ, 1907ರಲ್ಲಿ ಬ್ರಿಟನ್ ಮತ್ತು ರಷ್ಯಾ ಟಿಬೆಟಿನ ಬಗ್ಗೆ ತಮ್ಮೊಳಗೆ ಒಪ್ಪಂದ ಮಾಡಿಕೊಂಡವು; ಎರಡರಲ್ಲೂ ಟಿಬೆಟಿನ ಸಹಿ ಇರಲಿಲ್ಲ. ಚೀನಾದ ಮೇಲಧಿಕಾರವನ್ನು ಎರಡನೆಯದು ಒಪ್ಪಿತು. 1799ರ ಹಂಚಿಕೆಯ ಪಟ್ಟಿಯಲ್ಲಿ ಸೋದೆ ಇದ್ದ ಜಾಗದಲ್ಲೇ ಟಿಬೆಟ್ ಇಲ್ಲಿ ಕಾಣಿಸುತ್ತದೆ.

1950ರ ಅಕ್ಟೋಬರ್‌ನಲ್ಲಿ ಚೀನಾದ ಸೈನ್ಯ ಚಾಮ್ಡೋವನ್ನು ಹಿಡಿದ ಬಳಿಕ, 1951ರ ಮೇ 23ರಂದು ಬೀಜಿಂಗ್‌ನಲ್ಲಿ 17 ಅಂಶಗಳ ಒಪ್ಪಂದವಾಯಿತು. ಟಿಬೆಟಿನ ಆಗಿನ ರಾಜಕೀಯ ವ್ಯವಸ್ಥೆಯನ್ನೂ ದಲೈ ಲಾಮಾ ಅವರ ಸ್ಥಾನವನ್ನೂ ಬದಲಿಸುವುದಿಲ್ಲ ಎಂಬ ಮಾತು ಅದರಲ್ಲಿತ್ತು. ಟಿಬೆಟಿನ ಸೈನ್ಯ ಚೀನಾದ ಸೈನ್ಯದಲ್ಲಿ ಸೇರಬೇಕು, ವಿದೇಶ ವ್ಯವಹಾರವೆಲ್ಲ ಕೇಂದ್ರ ಸರ್ಕಾರಕ್ಕೆ ಎಂಬ ಅಂಶಗಳೂ ಇದ್ದವು. ಧರ್ಮಾಚರಣೆಯನ್ನು ಉಳಿಸಿ ದಂಡನ್ನೂ ವಿದೇಶ ಸಂಬಂಧವನ್ನೂ ತೆಗೆದುಕೊಳ್ಳುವ ಈ ವಿಂಗಡಣೆ ಮೇಲೆ ವಿವರಿಸಿದ ರಚನೆಯೇ. ಇದು ಶಾಂತಿಯುತ ವಿಮೋಚನೆ, ದಲೈ ಲಾಮಾ ಅವರೇ ಅದೇ ವರ್ಷ ಅಕ್ಟೋಬರ್‌ನಲ್ಲಿ ತಂತಿಯ ಮೂಲಕ ಒಪ್ಪಿಗೆ ಸೂಚಿಸಿದ್ದಾರೆ ಎಂಬುದು ಚೀನಾದ ವಾದ. ಪ್ರತಿನಿಧಿಗಳಿಗೆ ಸಹಿ ಮಾಡುವ ಅಧಿಕಾರವಿರಲಿಲ್ಲ, ಬೆದರಿಕೆಯಡಿ ಸಹಿಯಾಯಿತು ಎಂಬುದು 1959ರಲ್ಲಿ ಭಾರತಕ್ಕೆ ಬಂದ ದಲೈ ಲಾಮಾ ಅವರ ನಿಲುವು. ಸೋದೆಗೂ ಟಿಬೆಟಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಗೋವೆಗೆ ಹೋದ ಅರಸುಮನೆತನ ಆಶ್ರಯದಾತನಿಗೇ ನೆಲವನ್ನು ಬರೆದುಕೊಟ್ಟಿತು. ಭಾರತಕ್ಕೆ ಬಂದ ದಲೈ ಲಾಮಾ ಒಪ್ಪಂದವನ್ನು ತಿರಸ್ಕರಿಸಿ ಪ್ರತಿನಿಧಿಯ ಸ್ಥಾನವನ್ನು ಉಳಿಸಿಕೊಂಡರು. ನೆಲ ಎರಡೂ ಕಡೆ ಹೋಯಿತು. ಪ್ರಶ್ನೆ ಒಂದು ಕಡೆ ಮಾತ್ರ ಜೀವಂತವಾಗಿದೆ.

ಇಂದಿನ ಸ್ಥಿತಿ

ಸೋದೆಯ ಘಟ್ಟದ ಮೇಲಿನ ಸೀಮೆ 1862ರವರೆಗೆ ಮದ್ರಾಸ್ ಪ್ರಾಂತದಲ್ಲೂ, ಬಳಿಕ ಉತ್ತರ ಕನ್ನಡ ಜಿಲ್ಲೆಯ ಭಾಗವಾಗಿ ಮುಂಬಯಿ ಪ್ರಾಂತದಲ್ಲೂ ಇದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ತಾಲ್ಲೂಕು ಕೇಂದ್ರ ಜೋಯಿಡಾ ಆಯಿತು. ಕಾಗದದ ಕಾರ್ಖಾನೆಯ ಸುತ್ತ ಬೆಳೆದ ದಾಂಡೇಲಿ ಈಚಿನ ತಾಲ್ಲೂಕು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ದೇಶೀಯ ಅರಸರೊಡನೆ ಸಂವಿಧಾನಕ್ಕೆ ಮೊದಲು ಆದ ಒಪ್ಪಂದ, ಕರಾರು, ಸನದುಗಳಿಂದ ಏಳುವ ವ್ಯಾಜ್ಯಗಳನ್ನು ನ್ಯಾಯಾಲಯಗಳು ವಿಚಾರಿಸುವಂತಿಲ್ಲ ಎಂದು ಭಾರತದ ಸಂವಿಧಾನದ 363ನೇ ವಿಧಿ ಹೇಳುತ್ತದೆ. 1971ರ 26ನೇ ತಿದ್ದುಪಡಿ ಮಾಜಿ ಅರಸರ ರಾಜಧನವನ್ನೂ ಕೊನೆಗೊಳಿಸಿತು. ಕಾನೂನಿನ ಮಟ್ಟಿಗೆ ಆ ಕಾಗದಗಳ ಕೆಲಸ ಮುಗಿದಿದೆ. ಆದರೆ ಜೋಯಿಡಾ ಮತ್ತು ಕಾರವಾರ ತಾಲ್ಲೂಕುಗಳ ಪಶ್ಚಿಮಕ್ಕೆ ಕರ್ನಾಟಕವನ್ನೂ ಗೋವೆಯ ಕಾಣಕೋಣ, ಸಾಂಗೆ ತಾಲ್ಲೂಕುಗಳನ್ನೂ ಬೇರ್ಪಡಿಸುವ ರಾಜ್ಯಗಡಿ ಬಹುಮಟ್ಟಿಗೆ ಸೋದೆ ರಾಜ್ಯ ಹೋಳಾದ ಗೆರೆಯಲ್ಲೇ ಸಾಗುತ್ತದೆ. ಎರಡೂ ಬದಿಗಳಲ್ಲಿ ಕುಣಬಿಗಳಿದ್ದಾರೆ, ಎರಡೂ ಬದಿಗಳಲ್ಲಿ ಕೊಂಕಣಿ ಕೇಳಿಸುತ್ತದೆ. ಗೋವೆಯಲ್ಲಿ ಪರಿಶಿಷ್ಟ ಪಂಗಡವೆಂದು 2003ರಲ್ಲೇ ಮಾನ್ಯತೆ ಪಡೆದ ಕುಣಬಿಗಳು ಜೋಯಿಡಾದಲ್ಲಿ ಅದೇ ಮಾನ್ಯತೆಗಾಗಿ ಹಲವು ವರ್ಷಗಳಿಂದ ಬೇಡಿಕೆ ಇಡುತ್ತ ಬಂದಿದ್ದಾರೆ.